ಹೆರಿಗೆ ಎಲ್ಲಿ? ಗಲ್ಫ್ ಕನ್ನಡಿಗರ ಮನೆಗಳಲ್ಲಿ ಮತ್ತೆ ಸರ್ಕಾರಿ ಆಸ್ಪತ್ರೆಯ ಲೆಕ್ಕ

ಹೆಂಡತಿಗೆ ಐದಾರು ತಿಂಗಳು ತುಂಬುತ್ತಿದ್ದಂತೆ ಶಾರ್ಜಾದ ಶೇರಿಂಗ್ ಫ್ಲಾಟಿನಲ್ಲೂ ಜುಬೈಲಿನ ಕಂಪನಿ ಕ್ವಾರ್ಟರ್ಸಿನಲ್ಲೂ ಏಳುವ ಪ್ರಶ್ನೆ ಒಂದೇ: ಹೆರಿಗೆ ಎಲ್ಲಿ? ಇಲ್ಲೇ ಮಾಡಿಸೋದಾ, ಊರಿಗೆ ಕಳಿಸೋದಾ? ಊರಿಗೆ ಅಂತಾದರೆ ಮಂಗಳೂರಿನ ಖಾಸಗಿ ಆಸ್ಪತ್ರೆಗಾ, ಸರ್ಕಾರಿಗಾ? ರಾತ್ರಿ ವಾಟ್ಸಾಪ್ ಕಾಲಿನಲ್ಲಿ ಅಮ್ಮ ಒಂದು ಹೇಳ್ತಾರೆ, ಅತ್ತೆ ಇನ್ನೊಂದು ಹೇಳ್ತಾರೆ. ಹೆರುವವಳ ಮಾತು ಎಷ್ಟೋ ಸಲ ಕೊನೆಗೆ ಬರುತ್ತೆ.

2024ರ ನವೆಂಬರ್ ಆದ ಮೇಲೆ ಈ ಮಾತುಕತೆಗೆ ಭಯವೂ ಸೇರಿಕೊಂಡಿದೆ. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಡ್ರಿಪ್ ಮೂಲಕ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು. ಅದನ್ನು ಸರಬರಾಜು ಮಾಡಿದ ಪಶ್ಚಿಮ ಬಂಗಾಳದ ಕಂಪನಿಯನ್ನು ಸರ್ಕಾರ ಕಪ್ಪುಪಟ್ಟಿಗೆ ಸೇರಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ಸುದ್ದಿ ದುಬೈ, ದೋಹಾ, ಕುವೈತ್‌ನ ಪ್ರತಿ ಕನ್ನಡ ಗ್ರೂಪಿಗೂ ಬಂದು ಮುಟ್ಟಿತು. 'ಸರ್ಕಾರಿ ಆಸ್ಪತ್ರೆ ಬೇಡವೇ ಬೇಡ' ಎಂಬ ತೀರ್ಮಾನವೂ ಅದರ ಬೆನ್ನಿಗೇ ಬಂತು. ಭಯ ಸಹಜ. ಆದರೆ ತೀರ್ಮಾನ ಸರಿಯೇ ಎಂದು ನೋಡಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು.

ಬಳ್ಳಾರಿ ಘಟನೆಯ ನಂತರ ರಾಜ್ಯ ಸರ್ಕಾರ ತಾಯಂದಿರ ಸಾವಿನ ಆಡಿಟ್ ಮಾಡಿಸಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಒಂಬತ್ತು ತಿಂಗಳಲ್ಲಿ 464 ಸಾವು. ಅವುಗಳಲ್ಲಿ 18ಕ್ಕೆ ರಿಂಗರ್ ಲ್ಯಾಕ್ಟೇಟ್‌ನ ನಂಟು ಕಂಡಿತು. ಶೇ. 70ರಷ್ಟು ಸಾವುಗಳನ್ನು ತಪ್ಪಿಸಬಹುದಿತ್ತು ಎಂದು ಆಡಿಟ್ ಹೇಳಿತು. ಟಿವಿಯಲ್ಲಿ ದಿನವಿಡೀ ಓಡಿದ್ದು 18ರ ಕತೆ. ಉಳಿದ ನಾನೂರು ಚಿಲ್ಲರೆ ಸಾವುಗಳ ಬಗ್ಗೆ ಮಾತಾಡಿದವರು ಕಡಿಮೆ.

ಸತ್ತವರಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಪಾಲು ಸರ್ಕಾರಿ ಆಸ್ಪತ್ರೆಯಲ್ಲಿದ್ದವರು. ಇದನ್ನು ಕೇಳಿದ ತಕ್ಷಣ 'ನೋಡಿ, ಹೇಳಲಿಲ್ವಾ' ಅನ್ನುವವರಿದ್ದಾರೆ. ಆದರೆ ಕರ್ನಾಟಕದಲ್ಲಿ ಹೆರಿಗೆಗಳೇ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದೂ ಅದನ್ನೇ. ಹೆರಿಗೆ ಎಷ್ಟೋ ಸಾವೂ ಅಷ್ಟೇ ಪಾಲು. ಅದರ ಮೇಲೆ ಇನ್ನೊಂದು ವಿಷಯ: ಖಾಸಗಿ ನರ್ಸಿಂಗ್ ಹೋಮಿನಲ್ಲಿ ರಕ್ತಸ್ರಾವ ನಿಲ್ಲದೆ ಕೈಮೀರಿದ ಕೇಸು, ಬಿಪಿ ಏರಿ ಫಿಟ್ಸ್ ಬಂದ ಕೇಸು, ದುಡ್ಡು ಮುಗಿದ ಕೇಸು, ಎಲ್ಲ ಕೊನೆಗೆ ಬಂದು ಇಳಿಯುವುದು ಜಿಲ್ಲಾ ಆಸ್ಪತ್ರೆಯ ಬಾಗಿಲಲ್ಲೇ. ಅಲ್ಲಿ ಪ್ರಾಣ ಹೋದರೆ ಅದು ಸರ್ಕಾರಿ ಲೆಕ್ಕಕ್ಕೆ ಬೀಳುತ್ತೆ. ಹಾಗಂತ ಸರ್ಕಾರಕ್ಕೆ ಇದು ಸಮಾಧಾನದ ಮಾತಲ್ಲ. 2018-20ರ ಅಂಕಿಯಂತೆ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರೆ, ತಮಿಳುನಾಡಿನಲ್ಲಿ 54, ತಲಪಾಡಿ ಗೇಟು ದಾಟಿದರೆ ಸಿಗುವ ಕೇರಳದಲ್ಲಿ 19.

ಇನ್ನು 'ಇಲ್ಲೇ' ಅನ್ನುವ ಆಯ್ಕೆ. ಗಲ್ಫಿನಲ್ಲಿರುವ ಹೆಚ್ಚಿನವರಿಗೆ ಆ ಪ್ರಶ್ನೆಯೇ ಇಲ್ಲ. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು 4,000 ದಿರ್ಹಂ ಸಂಬಳ, ಅಥವಾ 3,000 ಮತ್ತು ಕಂಪನಿ ವಸತಿ ಬೇಕು. ಕುವೈತ್ 2024ರ ಜನವರಿಯಲ್ಲಿ ಕುಟುಂಬ ವೀಸಾಕ್ಕೆ 800 ದಿನಾರ್ ಸಂಬಳದ ಮಿತಿ ಹಾಕಿತು. ಸೌದಿಯಲ್ಲಿ 2017ರಲ್ಲಿ ತಲಾ 100 ರಿಯಾಲಿನಿಂದ ಶುರುವಾದ ಅವಲಂಬಿತರ ಶುಲ್ಕ 2020ಕ್ಕೆ ತಿಂಗಳಿಗೆ 400 ರಿಯಾಲ್ ಆಯಿತು; ಆ ವರ್ಷಗಳಲ್ಲಿ ಹೆಂಡತಿ ಮಕ್ಕಳನ್ನು ಊರಿಗೆ ಬಿಟ್ಟು ಬಂದು ಮತ್ತೆ ಬ್ಯಾಚುಲರ್ ರೂಮ್ ಹುಡುಕಿದವರು ಎಷ್ಟೋ ಮಂದಿ.

ಕುಟುಂಬ ಜೊತೆಗಿದ್ದವರಿಗೂ ಇಲ್ಲಿನ ಸರ್ಕಾರಿ ಆಸ್ಪತ್ರೆ ಊರಿನ ಸರ್ಕಾರಿ ಆಸ್ಪತ್ರೆಯಂತಲ್ಲ. ದುಬೈಯ ಲತೀಫಾ, ಅಬುಧಾಬಿಯ ಕಾರ್ನಿಶ್, ದೋಹಾದ ಹಮದ್‌ನ ಮಹಿಳಾ ಆಸ್ಪತ್ರೆ, ಬಹರೇನಿನ ಸಲ್ಮಾನಿಯಾ ಇವೆಲ್ಲ ಹೆಸರು ಮಾಡಿದ ಜಾಗಗಳು. ಅವಧಿಗೆ ಮುಂಚೆ ಹುಟ್ಟಿದ ಮಗುವನ್ನು ಉಳಿಸುವ ಸಾಮರ್ಥ್ಯ ಇರುವಂಥವು. ಆದರೆ ಪರದೇಶಿಗೆ ಉಚಿತ ಅಲ್ಲ. ಕುವೈತ್ 2017ರ ಅಕ್ಟೋಬರ್‌ನಲ್ಲಿ ವಿದೇಶಿಯರ ಆಸ್ಪತ್ರೆ ಶುಲ್ಕ ಏರಿಸಿದಾಗ ಹೆರಿಗೆಯೂ ಆ ಪಟ್ಟಿಯಲ್ಲಿತ್ತು. ಹಾಗಾಗಿ ಇಲ್ಲಿ ಆಸ್ಪತ್ರೆಯನ್ನು ಆರಿಸುವುದು ಗಂಡನೂ ಅಲ್ಲ, ಹೆಂಡತಿಯೂ ಅಲ್ಲ, ವಿಮೆಯ ಕಾರ್ಡು. ಯುಎಇಯಲ್ಲಿ 2025ರ ಜನವರಿ 1ರಿಂದ ಶಾರ್ಜಾ, ಅಜ್ಮಾನ್ ಸೇರಿದಂತೆ ಉತ್ತರದ ಎಮಿರೇಟ್‌ಗಳ ಖಾಸಗಿ ನೌಕರರಿಗೂ ವಿಮೆ ಕಡ್ಡಾಯ ಆಗಿದೆ; ವರ್ಷಕ್ಕೆ 320 ದಿರ್ಹಂನ ಪ್ಯಾಕೇಜಿದೆ. 'ಇನ್ಶುರೆನ್ಸ್ ಇದೆ, ಚಿಂತೆ ಇಲ್ಲ' ಎಂದು ಇದನ್ನು ನಂಬಿ ಕೂರುವಂತಿಲ್ಲ. ಅದು ನೌಕರನಿಗೆ ಮಾಡಿದ ವಿಮೆ. ಹೆಂಡತಿಯ ಕಾರ್ಡಿನಲ್ಲಿ ಹೆರಿಗೆ ಇದೆಯೇ, ಎಷ್ಟು ತಿಂಗಳು ಕಾಯಬೇಕು, ಸಿಸೇರಿಯನ್ನಿಗೆ ಮಿತಿ ಎಷ್ಟು, ಮಗು ಐಸಿಯುಗೆ ಹೋದರೆ ಯಾರು ಕಟ್ಟುವುದು, ಇವನ್ನು ಎಚ್‌ಆರ್‌ನವರಲ್ಲಿ ಕೇಳಿದರೆ ಸಾಲದು, ಪಾಲಿಸಿ ಕಾಗದವನ್ನೇ ತೆಗೆದು ನೋಡಬೇಕು. ಮುಳುಗಿಸುವುದು ಸಾಮಾನ್ಯ ಹೆರಿಗೆಯ ಬಿಲ್ಲಲ್ಲ, ಮಗುವಿನ ಐಸಿಯು ಬಿಲ್ಲು.

ಹೀಗೆ ಸುತ್ತಿ ಸುತ್ತಿ ಮಾತು ಊರಿಗೇ ಬಂದು ನಿಲ್ಲುತ್ತೆ. ಚೊಚ್ಚಲ ಹೆರಿಗೆ ತವರಿನಲ್ಲಿ ಅನ್ನುವ ವಾಡಿಕೆಯೂ ಇದೆ; ಬಾಣಂತನಕ್ಕೆ ಇಲ್ಲಿ ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವವರು ಯಾರು?

ಊರಿನಲ್ಲಿ ಸರ್ಕಾರಿ ಆಸ್ಪತ್ರೆ ಬೇಡ ಅನ್ನುವುದಕ್ಕೆ ಹೊರಗೆ ಹೇಳುವ ಕಾರಣ ಬಳ್ಳಾರಿ. ಒಳಗಿನ ಕಾರಣ ಬೇರೆ: 'ಗಲ್ಫಿನಲ್ಲಿರುವವನ ಹೆಂಡತಿ ಸರ್ಕಾರಿ ಆಸ್ಪತ್ರೆಗಾ? ಜನ ಏನಂತಾರೆ?' ಈ ಒಂದು ಮಾತಿಗೆ ಎಷ್ಟು ಮನೆಗಳಲ್ಲಿ ಆರು ತಿಂಗಳ ಉಳಿತಾಯ ಕರಗಿದೆಯೋ. ಕ್ಯಾಂಪಿನಲ್ಲಿ ಒಂದೇ ಹೊತ್ತು ಅಡುಗೆ ಮಾಡಿ ಎರಡು ಹೊತ್ತು ತಿಂದು ಕಳಿಸಿದ ದುಡ್ಡು ಡೀಲಕ್ಸ್ ರೂಮಿನ ಬಾಡಿಗೆಗೆ ಹೋಗುತ್ತೆ.

ಸಿಸೇರಿಯನ್ ಅಂಕಿಯೂ ಇಲ್ಲೇ ಬರಬೇಕು. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಖಾಸಗಿ ಆಸ್ಪತ್ರೆಗಳಲ್ಲಿ ನೂರು ಹೆರಿಗೆಗೆ 52 ಸಿಸೇರಿಯನ್, ಸರ್ಕಾರಿಯಲ್ಲಿ 22-23. ಜಟಿಲ ಕೇಸುಗಳೆಲ್ಲ ಸರ್ಕಾರಿಗೆ ಹೋಗುವಾಗಲೂ ಖಾಸಗಿಯಲ್ಲೇ ಎರಡು ಪಟ್ಟಿಗಿಂತ ಹೆಚ್ಚು! ಎಲ್ಲವೂ ದುಡ್ಡಿಗಾಗಿ ಎಂದರೆ ಅನ್ಯಾಯವಾದೀತು. ನೋವಿಗೆ ಹೆದರಿ ತಾವೇ ಕೇಳುವವರಿದ್ದಾರೆ, ಒಳ್ಳೆ ನಕ್ಷತ್ರ ನೋಡಿ ದಿನ ಗೊತ್ತು ಮಾಡುವವರಿದ್ದಾರೆ. ಗಂಡನ ರಜೆಗೆ ಸರಿಯಾಗಿ ತಾರೀಖು ಹಿಡಿಯುವವರೂ ಇದ್ದಾರೆ. ಇದು ನಮ್ಮವರದೇ ವಿಶೇಷ. ಯುಎಇ ಕಾನೂನಿನಲ್ಲಿ ಅಪ್ಪನಿಗೆ ಸಿಗುವುದು ಐದು ದಿನದ ಪೇರೆಂಟಲ್ ರಜೆ, ಅದನ್ನು ಮಗು ಹುಟ್ಟಿದ ಆರು ತಿಂಗಳೊಳಗೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ರಜೆಗಾಗಿ ಹೊಟ್ಟೆ ಕೊಯ್ಸುವ ಅಗತ್ಯವೇ ಇಲ್ಲ.

ಗಲ್ಫ್ ಮನೆಗಳಲ್ಲಿರುವ ಇನ್ನೊಂದು ತಪ್ಪು ತಿಳಿವಳಿಕೆ, ಸರ್ಕಾರಿ ಆಸ್ಪತ್ರೆಯ ಉಚಿತ ಹೆರಿಗೆ ಬಿಪಿಎಲ್ ಕಾರ್ಡಿನವರಿಗೆ ಮಾತ್ರ ಅನ್ನುವುದು. ಹಾಗಲ್ಲ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗೆ ಬರುವ ಪ್ರತಿ ಗರ್ಭಿಣಿಗೂ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ ಉಚಿತ. ಸಾಮಾನ್ಯ ಹೆರಿಗೆಯಾದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟವೂ ಇದೆ. ಹೋಗಿ ಬರುವ ವಾಹನವೂ ಸೇರಿದೆ. ಕಾಯಿಲೆ ಬಿದ್ದ ಮಗುವಿಗೆ ಒಂದು ವರ್ಷದವರೆಗೆ ಚಿಕಿತ್ಸೆ ಉಚಿತ. ಬಿಪಿಎಲ್ ಕೇಳುವುದು ಜನನಿ ಸುರಕ್ಷಾ ಯೋಜನೆಯ ನಗದಿಗೆ; ಅದು ಹಳ್ಳಿಯವರಿಗೆ 700, ಪೇಟೆಯವರಿಗೆ 600 ರೂಪಾಯಿ. ಈ 700 ರೂಪಾಯಿಗೂ ಆ ದೊಡ್ಡ ಹಕ್ಕಿಗೂ ಗಂಟು ಹಾಕಿಕೊಂಡು ಎಪಿಎಲ್ ಮನೆಯವರು ಬಾಗಿಲಿಗೇ ಹೋಗುವುದಿಲ್ಲ.

ಉಚಿತ ಅಂದ ಮಾತ್ರಕ್ಕೆ ಸುಖ ಅಲ್ಲ. ವಾರ್ಡಿನಲ್ಲಿ ಜನ ಕಿಕ್ಕಿರಿದಿರುತ್ತಾರೆ. ಲೇಬರ್ ರೂಮಿನಲ್ಲಿ ಗದರುವ ಬಾಯಿಗಳಿರುತ್ತವೆ. ಗಂಡು ಮಗು ಅಂತ ಹೇಳಿ ಕೈ ಚಾಚುವವರ ದೂರು ಇಂದಿನದಲ್ಲ. 'ಈ ಔಷಧ ಹೊರಗಿಂದ ತನ್ನಿ' ಎಂಬ ಚೀಟಿಯೂ ಬರಬಹುದು. ಇದನ್ನೆಲ್ಲ ತಡೆದುಕೊಳ್ಳಲು ಜೊತೆಗೆ ಗಟ್ಟಿ ಮನುಷ್ಯರೊಬ್ಬರು ಬೇಕು. ಗಂಡ ದಮ್ಮಾಮಿನಲ್ಲಿ, ಅಪ್ಪ ಇಲ್ಲ, ವಯಸ್ಸಾದ ತಾಯಿಯೊಬ್ಬರೇ ಇದ್ದಾರೆ ಅನ್ನುವ ಮನೆಗೆ ಖಾಸಗಿ ಆಸ್ಪತ್ರೆ ಕೊಡುವ ನೆಮ್ಮದಿಗೂ ಒಂದು ಬೆಲೆ ಇದೆ. ಅದನ್ನು ಬರೀ ಶೋಕಿ ಅನ್ನಲಾಗದು.

ಹಾಗಾದರೆ ಸರ್ಕಾರಿ ಎಂದರೆ ಯಾವ ಸರ್ಕಾರಿ? ಎಲ್ಲಾ ಒಂದೇ ಅಲ್ಲ. ಮಂಗಳೂರಿನ ಲೇಡಿಗೋಷನ್‌ಗೆ ಕೆಎಂಸಿ ಮೆಡಿಕಲ್ ಕಾಲೇಜಿನ ನಂಟಿದೆ, ಎಂಆರ್‌ಪಿಎಲ್ ನೆರವಿನ ಹೊಸ ಕಟ್ಟಡ ಇದೆ. ಸುತ್ತಲಿನ ಜಿಲ್ಲೆಗಳಿಂದಲೂ ಕಾಸರಗೋಡಿನಿಂದಲೂ ಕಷ್ಟದ ಕೇಸುಗಳು ಅಲ್ಲಿಗೇ ಬರುತ್ತವೆ. ದಿನವೂ ಇಂಥ ಕೇಸು ನೋಡಿ ಪಳಗಿದ ಕೈಗಳು ಅಲ್ಲಿವೆ ಅನ್ನುವುದೇ ಅದರ ಬಲ. ಗದ್ದಲ ಅದರ ಬೆಲೆ.

ಉಡುಪಿಯ ಕತೆಯಲ್ಲಂತೂ ಗಲ್ಫ್ ನೇರವಾಗಿ ಕಾಣುತ್ತೆ. ಹಾಜಿ ಅಬ್ದುಲ್ಲಾ ಸಾಹೇಬರ ಹೆಸರಿನ ಹೆರಿಗೆ ಆಸ್ಪತ್ರೆಯನ್ನು ಅಬುಧಾಬಿಯ ಉದ್ಯಮಿ ಬಿ.ಆರ್. ಶೆಟ್ಟರ ಸಂಸ್ಥೆ ಸರ್ಕಾರದ ಜೊತೆಗಿನ ಒಪ್ಪಂದದಲ್ಲಿ 200 ಹಾಸಿಗೆಯ ಹೊಸ ಆಸ್ಪತ್ರೆಯಾಗಿ ಕಟ್ಟಿತು. 2017ರಲ್ಲಿ ಬಾಗಿಲು ತೆರೆಯಿತು. ಸೇವೆ ಉಚಿತ, ಕಟ್ಟಡ ಖಾಸಗಿಯನ್ನೂ ನಾಚಿಸುವಂಥದ್ದು. 2020ರಲ್ಲಿ ಶೆಟ್ಟರ ಗಲ್ಫ್ ಉದ್ಯಮ ಕುಸಿದಾಗ ಅದರ ಬಿಸಿ ಉಡುಪಿಯ ಲೇಬರ್ ವಾರ್ಡಿಗೂ ತಟ್ಟಿತು. ಸಿಬ್ಬಂದಿಗೆ ಸಂಬಳ ಬಾಕಿಯಾಯಿತು, ಮುಷ್ಕರ ನಡೆಯಿತು, ಕೊನೆಗೆ 2022ರಲ್ಲಿ ಸರ್ಕಾರವೇ ವಾಪಸ್ ವಹಿಸಿಕೊಂಡಿತು. ಅಬುಧಾಬಿಯಲ್ಲಿ ಬಿದ್ದ ಕಂಪನಿಯೊಂದಕ್ಕೆ ಉಡುಪಿಯ ಬಾಣಂತಿ ಕಾಯಬೇಕಾಗಿ ಬಂತು. ದೊಡ್ಡವರ ದಾನದ ಮೇಲೆ ಆಸ್ಪತ್ರೆ ನಿಂತರೆ ದಾನಿ ನಿಂತಿರುವ ತನಕವೇ ಅದು ನಿಂತಿರುತ್ತೆ.

ಉತ್ತರ ಕನ್ನಡದವರಿಗೆ ಸರ್ಕಾರಿ-ಖಾಸಗಿ ಚರ್ಚೆಗಿಂತ ದೂರವೇ ದೊಡ್ಡದು. ಭಟ್ಕಳದಿಂದ ಮಂಗಳೂರಿಗೆ ಸುಮಾರು 140 ಕಿ.ಮೀ. ಹೆರಿಗೆಯ ನಂತರದ ರಕ್ತಸ್ರಾವ ಅಷ್ಟು ಹೊತ್ತು ಕಾಯುವುದಿಲ್ಲ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದ ಇದೆ, ಗಲ್ಫಿನಲ್ಲಿರುವವರೂ ದನಿಗೂಡಿಸಿದ್ದಾರೆ. ಅದು ಆಗುವವರೆಗೆ ಬಿಪಿ, ಶುಗರ್, ಅವಳಿ, ಹಿಂದೊಮ್ಮೆ ಸಿಸೇರಿಯನ್ ಇದ್ದವರು ದಿನ ಹತ್ತಿರ ಬಂದಾಗ ದೊಡ್ಡ ಆಸ್ಪತ್ರೆಯ ಸಮೀಪದ ನೆಂಟರ ಮನೆಗೆ ಹೋಗಿ ಉಳಿಯುವುದೇ ದಾರಿ. ಏನೂ ತೊಂದರೆ ಇಲ್ಲದವರಿಗೆ ತಾಲೂಕು ಆಸ್ಪತ್ರೆ ಸಾಕು, ಆದರೆ ಅಲ್ಲಿ ಕೇಳಲೇಬೇಕಾದ ಪ್ರಶ್ನೆಗಳಿವೆ: ರಾತ್ರಿ ಎರಡು ಗಂಟೆಗೆ ಅರಿವಳಿಕೆ ವೈದ್ಯರು ಸಿಗುತ್ತಾರಾ? ರಕ್ತ ಎಲ್ಲಿಂದ ಬರುತ್ತೆ, ಬರಲು ಎಷ್ಟು ಹೊತ್ತು? ಮಗು ಅಳದಿದ್ದರೆ ಎಲ್ಲಿಗೆ ಕಳಿಸ್ತಾರೆ? ಖಾಸಗಿ ನರ್ಸಿಂಗ್ ಹೋಮಿನಲ್ಲೂ ಇವೇ ಪ್ರಶ್ನೆ ಕೇಳಬೇಕು. ಹಲವು ಕಡೆ ಉತ್ತರ ಸಮಾಧಾನ ಕೊಡಲಾರದು.

ಗಲ್ಫಿನಿಂದ ಹೋಗುವವರಿಗೆ ಇನ್ನೊಂದು ತೊಡಕು ಕಾಗದದ್ದು. ಏಳನೇ ತಿಂಗಳಲ್ಲಿ ವಿಮಾನ ಇಳಿದ ಹೆಣ್ಣುಮಗಳ ಹತ್ತಿರ ತಾಯಿ ಕಾರ್ಡ್ ಇರುವುದಿಲ್ಲ. ನೋವು ಬಂದ ರಾತ್ರಿ ಬರಿಗೈಲಿ ಹೋದರೆ ಅವಳ ಹಿಂದಿನ ಆರು ತಿಂಗಳು ಡಾಕ್ಟರಿಗೆ ಕಾಣುವುದೇ ಇಲ್ಲ. ಬಂದ ವಾರದಲ್ಲೇ ಆಶಾ ಕಾರ್ಯಕರ್ತೆಯನ್ನು ಹಿಡಿದು ಹೆಸರು ಬರೆಸಿ, ಇಲ್ಲಿನ ಸ್ಕ್ಯಾನ್, ರಕ್ತ ಪರೀಕ್ಷೆಯ ಕಾಗದಗಳನ್ನೆಲ್ಲ ತೋರಿಸಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ಇರುತ್ತೆ. ರಕ್ತದ ಗುಂಪು ನೆಗೆಟಿವ್ ಇದ್ದವರು ಒಂದು ನೆನಪಿಡಬೇಕು: ಆಂಟಿ-ಡಿ ಇಂಜೆಕ್ಷನ್ ಕೊಡುವುದು 28ನೇ ವಾರದ ಹೊತ್ತಿಗೆ, ಅಂದರೆ ಸರಿಯಾಗಿ ಊರಿಗೆ ಹೊರಡುವ ಗಡಿಬಿಡಿಯಲ್ಲಿ. ಇಲ್ಲಿಯ ಡಾಕ್ಟರು ಊರಲ್ಲಿ ಕೊಡ್ತಾರೆ ಅಂದುಕೊಳ್ಳುತ್ತಾರೆ, ಊರಿನವರು ಅಲ್ಲಿ ಆಗಿರುತ್ತೆ ಅಂದುಕೊಳ್ಳುತ್ತಾರೆ.

ಹೊರಡುವ ದಿನಕ್ಕೂ ಎರಡು ಕಡೆಯಿಂದ ಬೇಲಿ ಇದೆ. ಹಲವು ವಿಮಾನ ಕಂಪನಿಗಳು 28 ವಾರ ದಾಟಿದರೆ ಡಾಕ್ಟರ ಪತ್ರ ಕೇಳುತ್ತವೆ, 36ರ ಹೊತ್ತಿಗೆ ಹತ್ತಿಸಿಕೊಳ್ಳುವುದನ್ನೇ ನಿಲ್ಲಿಸುತ್ತವೆ. ಇನ್ನೊಂದು ಕಡೆ, ಯುಎಇ ವೀಸಾ ಇದ್ದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾಕ್ಕೇ ಕುತ್ತು. 28ನೇ ವಾರಕ್ಕೆ ಹೋದವಳಿಗೆ ಹೆರಿಗೆ ಆಗುವಷ್ಟರಲ್ಲಿ ಮೂರು ತಿಂಗಳು ಮುಗಿದಿರುತ್ತೆ. ಉಳಿದ ಮೂರರಲ್ಲಿ ಬಾಣಂತನ, ಮಗುವಿನ ಪಾಸ್‌ಪೋರ್ಟ್, ವೀಸಾ ಎಲ್ಲ ಆಗಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಪಾಸ್‌ಪೋರ್ಟಿನಲ್ಲಿ ಜನ್ಮ ದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ದಾಖಲೆ. ಆಸ್ಪತ್ರೆಯ ಕೌಂಟರಿನಲ್ಲಿ ಯಾರೋ ನೆಂಟರು ಬಾಯಲ್ಲಿ ಹೇಳಿ ಬರೆಸಿದ ಅಪ್ಪನ ಹೆಸರು ಅವನ ಪಾಸ್‌ಪೋರ್ಟಿನ ಸ್ಪೆಲ್ಲಿಂಗಿಗೆ ಹೊಂದದಿದ್ದರೆ, ತಿದ್ದಿಸಲು ಓಡಾಡುವಷ್ಟರಲ್ಲಿ ಆ ಮೂರು ತಿಂಗಳೂ ಹೋಗಿರುತ್ತೆ. ಇಬ್ಬರ ಪಾಸ್‌ಪೋರ್ಟಿನ ಜೆರಾಕ್ಸ್ ಹೆರಿಗೆ ಚೀಲದಲ್ಲೇ, ಮಗುವಿನ ಬಟ್ಟೆಯ ಜೊತೆಗೇ ಇರಲಿ.