ದಿರ್ಹಂ ದರ ಏರಿದೆ. ಮನೆಯ ಉಳಿತಾಯವೂ ಏರಿದೆಯೇ?

2025ರ ಡಿಸೆಂಬರ್ ಮೊದಲ ವಾರ ಅಮೆರಿಕದ ಡಾಲರ್ ಎದುರು ರೂಪಾಯಿ ಮೊದಲ ಬಾರಿಗೆ 90ರ ಗಡಿ ದಾಟಿತು. ಆಮದುದಾರರಿಗೆ ಅದು ಆತಂಕದ ಸುದ್ದಿ. ಆದರೆ ಭಟ್ಕಳ, ಕುಂದಾಪುರ, ಬಂಟ್ವಾಳ, ಉಡುಪಿಯ ಅನೇಕ ಮನೆಗಳಲ್ಲಿ ಅದೇ ಸುದ್ದಿ ಬೇರೆ ರೀತಿಯಲ್ಲಿ ಕೇಳಿಸಿತು. ದಿರ್ಹಂಗೆ ಇಪ್ಪತ್ತನಾಲ್ಕೂವರೆ ರೂಪಾಯಿ! ‘ಈಗ ಕಳಿಸಬೇಕಾ, ಇನ್ನೂ ಏರಲಿ ಅಂತ ಕಾಯಬೇಕಾ?’, ‘ಅಲ್ಲಿ ಸಾಲ ತೆಗೆದು ಇಲ್ಲಿ ಎಫ್‌ಡಿ ಇಟ್ಟರೆ ಹೇಗೆ?’, ‘ಸೈಟು ತೆಗೆದುಕೊಳ್ಳಲು ಇದೇ ಸಮಯವಾ?’ ಎಂಬ ಪ್ರಶ್ನೆಗಳು ದುಬೈ, ದೋಹಾ, ರಿಯಾದ್‌ಗಳಿಂದ ಬರುವ ಪ್ರತಿ ಫೋನ್ ಕರೆಯಲ್ಲೂ ಇವೆ.

ಇದು ಸಣ್ಣ ಸಂಗತಿಯಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 2023–24ರಲ್ಲಿ ಅನಿವಾಸಿಗಳು ದೇಶಕ್ಕೆ ಕಳಿಸಿದ ಹಣದಲ್ಲಿ ಅಮೆರಿಕದ ಪಾಲು ಶೇ 27.7, ಯುಎಇ ಪಾಲು ಶೇ 19.2. ಹಾಗೆ ಬಂದ ಹಣದಲ್ಲಿ ಕರ್ನಾಟಕಕ್ಕೆ ಸೇರಿದ್ದು ಶೇ 7.7. ಆ ಹಣದಲ್ಲೇ ಮಕ್ಕಳ ಶುಲ್ಕ, ಅಪ್ಪ–ಅಮ್ಮನ ಔಷಧ, ಮನೆ ಸಾಲದ ಕಂತು ಎಲ್ಲವೂ ನಡೆಯುತ್ತದೆ. ಹಾಗಾಗಿ ಈ ದರ ಏರಿಕೆಯಿಂದ ನಿಜವಾಗಿ ಸಿಗುವುದೆಷ್ಟು, ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಲೆಕ್ಕ ಹಾಕುವುದು ಒಳ್ಳೆಯದು.

ಏರಿದ್ದೆಷ್ಟು, ಕೈಗೆ ಉಳಿದದ್ದೆಷ್ಟು?

ದಿರ್ಹಂ ತಾನಾಗಿ ಏರಿಲ್ಲ. 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಂ ಎಂಬ ದರ ಸ್ಥಿರವಾಗಿದೆ. ಸೌದಿ ರಿಯಾಲ್ 3.75, ಕತಾರ್ ರಿಯಾಲ್ 3.64ರ ಲೆಕ್ಕದಲ್ಲಿ ಡಾಲರ್‌ಗೆ ಕಟ್ಟಿಕೊಂಡಿವೆ. ಬಹರೈನ್ ಮತ್ತು ಒಮಾನ್‌ನ ಕರೆನ್ಸಿಗಳೂ ಹಾಗೆಯೇ. ಕುವೈತ್ ದಿನಾರ್ ಮಾತ್ರ ಹಲವು ಕರೆನ್ಸಿಗಳ ಗುಚ್ಛವನ್ನು ಅನುಸರಿಸುತ್ತದೆ. ಆದ್ದರಿಂದ ದಿರ್ಹಂ ದರ ಏರಿತು ಎಂದರೆ ರೂಪಾಯಿ ಇಳಿಯಿತು ಎಂದೇ ಅರ್ಥ.

2022ರ ಆರಂಭದಲ್ಲಿ ದಿರ್ಹಂಗೆ ಸುಮಾರು 20 ರೂಪಾಯಿ 30 ಪೈಸೆ ಇತ್ತು. ಅಲ್ಲಿಂದ 24.50ಕ್ಕೆ ಬಂದರೆ ಏರಿಕೆ ಶೇ 20ರಷ್ಟು. ಕೇಳಲು ದೊಡ್ಡದೇ. ಆದರೆ 2022ರಿಂದ 2024ರವರೆಗಿನ ಮೂರು ವರ್ಷಗಳಲ್ಲಿ ನಮ್ಮಲ್ಲಿ ಚಿಲ್ಲರೆ ಹಣದುಬ್ಬರ ವರ್ಷಕ್ಕೆ ಶೇ 5ರಿಂದ 7ರ ಆಸುಪಾಸಿನಲ್ಲಿತ್ತು. ಅಂದರೆ ಆಗ 20 ಸಾವಿರ ರೂಪಾಯಿಯಲ್ಲಿ ನಡೆಯುತ್ತಿದ್ದ ಮನೆಗೆ ಈಗ 24 ಸಾವಿರದ ಹತ್ತಿರ ಬೇಕು. ಅಲ್ಲಿ ಸಂಬಳ ಹೆಚ್ಚದೆ ಅದೇ ಸಾವಿರ ದಿರ್ಹಂ ಬರುತ್ತಿದ್ದರೆ, ದರ ಏರಿಕೆಯ ಹೆಚ್ಚಿನ ಪಾಲನ್ನು ಬೆಲೆ ಏರಿಕೆ ಆಗಲೇ ನುಂಗಿದೆ. ‘ರೇಟ್ ಏರಿದೆ’ ಎಂದು ಮನೆ ಖರ್ಚು ಹೆಚ್ಚಿಸುವ ಮೊದಲು ಈ ಲೆಕ್ಕ ನೆನಪಿರಲಿ.

ಶುಲ್ಕ ನೋಡಬೇಕೋ, ದರ ನೋಡಬೇಕೋ?

ಹಣ ಕಳಿಸುವ ಸೇವೆಯಲ್ಲಿ ಖರ್ಚು ಎರಡು ಕಡೆ ಇರುತ್ತದೆ. ಒಂದು, ರಸೀದಿಯಲ್ಲಿ ಕಾಣುವ ಶುಲ್ಕ. ಯುಎಇಯಲ್ಲಿ ಅದರ ಮೇಲೆ ಶೇ 5 ವ್ಯಾಟ್ ಕೂಡ ಇದೆ. ಇನ್ನೊಂದು, ಮಾರುಕಟ್ಟೆ ದರಕ್ಕೂ ಎಕ್ಸ್‌ಚೇಂಜ್‌ನವರು ಕೊಡುವ ದರಕ್ಕೂ ಇರುವ ವ್ಯತ್ಯಾಸ. ಇದು ರಸೀದಿಯಲ್ಲಿ ಕಾಣುವುದಿಲ್ಲ. ‘ಶೂನ್ಯ ಶುಲ್ಕ’ ಎಂಬ ಜಾಹೀರಾತು ಮೊದಲನೆಯದನ್ನು ಮಾತ್ರ ಹೇಳುತ್ತದೆ.

ಒಂದು ಉದಾಹರಣೆ ನೋಡಿ. ಒಂದು ಎಕ್ಸ್‌ಚೇಂಜ್‌ನಲ್ಲಿ ದರ 24.40, ಶುಲ್ಕ ವ್ಯಾಟ್ ಸೇರಿ 15.75 ದಿರ್ಹಂ ಎಂದುಕೊಳ್ಳಿ. ಇನ್ನೊಂದು ಆ್ಯಪ್‌ನಲ್ಲಿ ಶುಲ್ಕವಿಲ್ಲ, ದರ 24.15. ಮೊದಲನೆಯದರ ಶುಲ್ಕ ರೂಪಾಯಿ ಲೆಕ್ಕದಲ್ಲಿ ಸುಮಾರು 384. 500 ದಿರ್ಹಂ ಕಳಿಸಿದರೆ ಶುಲ್ಕವಿಲ್ಲದ ಆ್ಯಪ್‌ನಲ್ಲಿ ಸುಮಾರು 259 ರೂಪಾಯಿ ಲಾಭ. 2,000 ದಿರ್ಹಂ ಕಳಿಸಿದರೆ ಲೆಕ್ಕ ತಿರುಗುತ್ತದೆ: ಶುಲ್ಕ ಕಟ್ಟಿದರೂ ಎಕ್ಸ್‌ಚೇಂಜ್‌ನಲ್ಲೇ ಸುಮಾರು 116 ರೂಪಾಯಿ ಹೆಚ್ಚು. 5,000 ದಿರ್ಹಂ ಆದರೆ ಆ ಅಂತರ 866 ರೂಪಾಯಿಗೆ ಏರುತ್ತದೆ. ಸಣ್ಣ ಮೊತ್ತಕ್ಕೆ ಶುಲ್ಕ ಮುಖ್ಯ, ದೊಡ್ಡ ಮೊತ್ತಕ್ಕೆ ದರ ಮುಖ್ಯ.

ಹೋಲಿಸುವ ಸುಲಭ ದಾರಿ ಒಂದೇ. ‘ನನ್ನ ಕೈಯಿಂದ ಒಟ್ಟು ಇಷ್ಟು ದಿರ್ಹಂ ಹೋದರೆ, ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?’ ಎಂದು ಎರಡು–ಮೂರು ಕಡೆ ಒಂದೇ ಹೊತ್ತಿಗೆ ಕೇಳುವುದು. ತಿಂಗಳಲ್ಲಿ ಮೂರು ಬಾರಿ ಚೂರುಚೂರಾಗಿ ಕಳಿಸುವ ಬದಲು ಒಂದೇ ಬಾರಿ ಕಳಿಸಿದರೆ ಎರಡು ಬಾರಿಯ ಶುಲ್ಕವೂ ಉಳಿಯುತ್ತದೆ.

ಅಮೆರಿಕದಲ್ಲಿರುವವರ ಮನೆಯವರಿಗೂ ಒಂದು ಮಾತು. ಅಲ್ಲಿ 2026ರ ಜನವರಿ 1ರಿಂದ ಶೇ 1ರ ತೆರಿಗೆ ಬಂದಿರುವುದು ನಗದು, ಮನಿ ಆರ್ಡರ್‌ನಂಥ ರೂಪದಲ್ಲಿ ಕೊಟ್ಟು ಕಳಿಸುವ ಹಣಕ್ಕೆ. ಅಲ್ಲಿನ ಬ್ಯಾಂಕ್ ಖಾತೆಯಿಂದ ಅಥವಾ ಅಲ್ಲಿನ ಡೆಬಿಟ್ ಕಾರ್ಡ್‌ನಿಂದ ಕಳಿಸಿದರೆ ಈ ತೆರಿಗೆ ಇಲ್ಲ.

ಹವಾಲಾದವರು ಇನ್ನೂ ಹೆಚ್ಚು ದರ ಕೊಡುವುದಾಗಿ ಹೇಳುತ್ತಾರೆ. ಅದು ಕಾನೂನುಬಾಹಿರ ಎನ್ನುವುದು ಎಲ್ಲರಿಗೂ ಗೊತ್ತು. ಮನೆಯವರಿಗೆ ಅದರ ಬಿಸಿ ತಟ್ಟುವುದು ಮುಂದೆ. ನಾಳೆ ಮನೆ ಕಟ್ಟುವಾಗ, ಸೈಟು ನೋಂದಣಿ ಮಾಡಿಸುವಾಗ ‘ಈ ಹಣ ಎಲ್ಲಿಂದ ಬಂತು?’ ಎಂದು ಆದಾಯ ತೆರಿಗೆ ಇಲಾಖೆ ಕೇಳಿದರೆ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಬ್ಯಾಂಕ್ ಮೂಲಕ ಬಂದ ಹಣಕ್ಕೆ ಆ ಭಯವಿಲ್ಲ. ಗಂಡ, ಮಗ, ಅಣ್ಣ–ತಮ್ಮ ಇಂಥ ಹತ್ತಿರದ ಸಂಬಂಧಿಕರು ಕಳಿಸಿದ ಹಣ ಪಡೆದವರ ಕೈಯಲ್ಲಿ ತೆರಿಗೆಗೆ ಒಳಪಡುವುದಿಲ್ಲ.

ಕಾಯುವುದರಿಂದ ಲಾಭವೇ?

ಮೂರು ಸಾವಿರ ದಿರ್ಹಂ ಕಳಿಸುವವರಿಗೆ ದರ ಹತ್ತು ಪೈಸೆ ಏರಿದರೆ ಸಿಗುವುದು 300 ರೂಪಾಯಿ. ಅದಕ್ಕಾಗಿ ತಿಂಗಳು ಕಾಯುವ ಹೊತ್ತಿಗೆ ಊರಿನಲ್ಲಿ ನೂರಕ್ಕೆ ಎರಡರಂತೆ ಬಡ್ಡಿಗೆ ತಂದ ಒಂದು ಲಕ್ಷದ ಕೈಸಾಲ ಇದ್ದರೆ, ಆ ತಿಂಗಳ ಬಡ್ಡಿಯೇ 2,000 ರೂಪಾಯಿ. ಸಾಲ ಇರುವ ಮನೆಗೆ ದರ ಕಾಯುವುದು ನಷ್ಟದ ವ್ಯವಹಾರ. ಸಾಲವಿಲ್ಲದವರೂ ಮನೆ ಖರ್ಚಿನ ಹಣವನ್ನು ಸಂಬಳ ಬಂದ ವಾರವೇ ಕಳಿಸುವುದು ಸರಿ. ಉಳಿತಾಯದ ಭಾಗವನ್ನು ಮಾತ್ರ ಎರಡು–ಮೂರು ಕಂತಿನಲ್ಲಿ ಹಂಚಿ ಕಳಿಸಿದರೆ ದರದ ಏರಿಳಿತ ಸರಾಸರಿಯಾಗುತ್ತದೆ. ನಾಳೆ ರೂಪಾಯಿ ಏರುತ್ತದೋ ಇಳಿಯುತ್ತದೋ ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ.

ಸಾಲ ತೆಗೆದು ಕಳಿಸುವ ಆಸೆ

ರೂಪಾಯಿ ಇಳಿದಾಗಲೆಲ್ಲ ಕೊಲ್ಲಿಯಲ್ಲಿ ವೈಯಕ್ತಿಕ ಸಾಲ ತೆಗೆದು ಊರಿಗೆ ಕಳಿಸುವವರು ಹೆಚ್ಚುತ್ತಾರೆ. ‘ಅಲ್ಲಿ ಶೇ 4ಕ್ಕೆ ಸಾಲ, ಇಲ್ಲಿ ಶೇ 6ರಿಂದ 7ಕ್ಕೆ ಎಫ್‌ಡಿ’ ಎಂಬ ಲೆಕ್ಕ ಆಕರ್ಷಕ. ಆದರೆ ಅಲ್ಲಿ ಹೇಳುವ ಶೇ 4 ಹಲವು ಬಾರಿ ‘ಫ್ಲ್ಯಾಟ್’ ದರ. ಕಂತು ಕಟ್ಟಿ ಅಸಲು ಕಡಿಮೆಯಾದರೂ ಬಡ್ಡಿ ಮಾತ್ರ ಮೊದಲ ಮೊತ್ತದ ಮೇಲೆಯೇ. ನಾಲ್ಕು ವರ್ಷದ ಸಾಲಕ್ಕೆ ಫ್ಲ್ಯಾಟ್ ಶೇ 4 ಎಂದರೆ ನಿಜವಾದ ಬಡ್ಡಿ ಶೇ 7.5ರ ಹತ್ತಿರ. ಎಫ್‌ಡಿಯಿಂದ ಬರುವುದಕ್ಕಿಂತ ಸಾಲಕ್ಕೆ ಹೋಗುವುದೇ ಹೆಚ್ಚು. ಜೊತೆಗೆ ಸಾಲ ಇರುವುದು ದಿರ್ಹಂನಲ್ಲಿ. ರೂಪಾಯಿ ಇನ್ನೂ ಇಳಿದ ಕಾಲಕ್ಕೆ ಊರಿಗೆ ಮರಳಿ ಬಾಕಿ ತೀರಿಸಬೇಕಾಗಿ ಬಂದರೆ ಹೆಚ್ಚು ರೂಪಾಯಿ ಬೇಕು. ಕೆಲಸ ಹೋದರೆ ಕಂತು ನಿಲ್ಲುವುದಿಲ್ಲ. ಬಾಕಿ ಇದ್ದರೆ ಆ ದೇಶ ಬಿಡುವುದಕ್ಕೇ ತೊಡಕಾಗಬಹುದು.

ಯಾವ ಖಾತೆಯಲ್ಲಿ ಇಡಬೇಕು?

ವಿದೇಶಕ್ಕೆ ಹೋದ ಮೇಲೂ ಹಳೆಯ ಉಳಿತಾಯ ಖಾತೆಯನ್ನೇ ಬಳಸುವವರು ಬಹಳ. ನಿಯಮದ ಪ್ರಕಾರ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಊರಿನ ಬಾಡಿಗೆ, ಪಿಂಚಣಿಯಂಥ ಆದಾಯಕ್ಕೆ ಅದು ಸರಿ. ಆದರೆ ಎನ್‌ಆರ್‌ಒ ಠೇವಣಿಯ ಬಡ್ಡಿಗೆ ಶೇ 30ರ ಜೊತೆಗೆ ಸೆಸ್ ಸೇರಿಸಿ ತೆರಿಗೆ ಕಡಿತವಾಗುತ್ತದೆ.

ವಿದೇಶದ ದುಡಿಮೆಗೆ ಎನ್‌ಆರ್‌ಇ ಖಾತೆ. ಬಡ್ಡಿಗೆ ತೆರಿಗೆ ಇಲ್ಲ, ಹಣವನ್ನು ಯಾವಾಗ ಬೇಕಾದರೂ ಮರಳಿ ಹೊರಗೆ ಒಯ್ಯಬಹುದು. ಎನ್‌ಆರ್‌ಇ ಎಫ್‌ಡಿಯ ಕನಿಷ್ಠ ಅವಧಿ ಒಂದು ವರ್ಷ; ಅದಕ್ಕೆ ಮೊದಲು ತೆಗೆದರೆ ಬಡ್ಡಿ ಸಿಗುವುದಿಲ್ಲ. ಆದ್ದರಿಂದ ತುರ್ತಿಗೆ ಬೇಕಾಗುವ ಹಣ ಎಫ್‌ಡಿಯ ಹೊರಗಿರಲಿ. ಡಾಲರ್‌ನಲ್ಲೇ ಇಡುವ ಎಫ್‌ಸಿಎನ್‌ಆರ್ ಠೇವಣಿಗೂ ತೆರಿಗೆ ಇಲ್ಲ. ಅವಧಿ ಒಂದರಿಂದ ಐದು ವರ್ಷ, ಬಡ್ಡಿ ಸಾಮಾನ್ಯವಾಗಿ ಕಡಿಮೆ. ಆದರೆ 2015ರ ಆರಂಭದಿಂದ ಲೆಕ್ಕ ಹಾಕಿದರೆ ಡಾಲರ್ ಎದುರು ರೂಪಾಯಿ ವರ್ಷಕ್ಕೆ ಸರಾಸರಿ ಶೇ 3ಕ್ಕಿಂತ ತುಸು ಹೆಚ್ಚು ಇಳಿದಿದೆ. ಮಗನ ವಿದೇಶ ವ್ಯಾಸಂಗದಂಥ ಡಾಲರ್ ಖರ್ಚು ಮುಂದಿದ್ದರೆ ಎಫ್‌ಸಿಎನ್‌ಆರ್ ಯೋಗ್ಯ. ಖರ್ಚೆಲ್ಲ ಊರಿನಲ್ಲೇ ಆಗುವುದಾದರೆ ಎನ್‌ಆರ್‌ಇ ಸಾಕು.

ಮನೆಯವರು ತಪ್ಪದೆ ಗಮನಿಸಬೇಕಾದದ್ದು: ಎನ್‌ಆರ್‌ಇ ಖಾತೆಯಲ್ಲಿ ಊರಿನಲ್ಲಿರುವ ಹತ್ತಿರದ ಸಂಬಂಧಿಕರ ಹೆಸರನ್ನು ‘ಫಾರ್ಮರ್ ಆರ್ ಸರ್ವೈವರ್’ ನಿಯಮದಡಿ ಸೇರಿಸಬಹುದು. ಖಾತೆದಾರರು ಇರುವಷ್ಟು ಕಾಲ ಹಣದ ಹಕ್ಕು ಅವರದೇ. ಹೆಂಡತಿ ಬ್ಯಾಂಕಿನಿಂದ ಹಣ ತೆಗೆಯಬೇಕಾದರೆ ಅಧಿಕಾರಪತ್ರ ಬೇಕು. ಆದರೆ ಅವರಿಗೇನಾದರೂ ಆದರೆ ಹಣ ಪಡೆಯುವ ದಾರಿ ಸುಲಭವಾಗುತ್ತದೆ. ಎಲ್ಲ ಖಾತೆಗೂ ನಾಮಿನಿ ಇದ್ದಾರೆಯೇ ಎಂದು ಈ ವಾರವೇ ನೋಡಿ. ಯುಎಇ, ಸೌದಿ, ಒಮಾನ್, ಕತಾರ್‌ನ ಮೊಬೈಲ್ ಸಂಖ್ಯೆಗಳನ್ನು ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಜೋಡಿಸಿ ಯುಪಿಐ ಬಳಸಲು 2023ರಲ್ಲೇ ಅನುಮತಿ ಸಿಕ್ಕಿದೆ. ಒಟಿಪಿಗಾಗಿ ಅವರ ಸಿಮ್ ಕಾರ್ಡ್ ಊರಿನಲ್ಲಿ ಇನ್ಯಾರದೋ ಫೋನಿನಲ್ಲಿ ಇಡುವ ಅಪಾಯಕರ ಅಭ್ಯಾಸ ಬಿಡಬಹುದು.

ಹೆಚ್ಚು ಬಡ್ಡಿ, ಸೈಟು, ಚಿನ್ನ

ಯಾವುದೇ ಬ್ಯಾಂಕಿನಲ್ಲಿ ಠೇವಣಿ ವಿಮೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ಮಾತ್ರ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಗ್ರಾಹಕರು ತೆಗೆಯಬಹುದಾಗಿದ್ದ ಮೊತ್ತ 35 ಸಾವಿರ ರೂಪಾಯಿ. ಅರ್ಧ ಶೇಕಡಾ ಹೆಚ್ಚು ಬಡ್ಡಿಗೆಂದು ಜೀವಮಾನದ ಉಳಿತಾಯವನ್ನು ಒಂದೇ ಕಡೆ ಇಡಬಾರದು. 2019ರ ಜೂನ್‌ನಲ್ಲಿ ಕುಸಿದ ಬೆಂಗಳೂರಿನ ಐಎಂಎ ಸಂಸ್ಥೆ ತಿಂಗಳು ತಿಂಗಳು ಬ್ಯಾಂಕಿಗಿಂತ ಎಷ್ಟೋ ಪಟ್ಟು ಲಾಭದ ಮಾತಾಡಿತ್ತು. ಹತ್ತಾರು ಸಾವಿರ ಮಂದಿ ದೂರು ಕೊಡಲು ಸಾಲುಗಟ್ಟಬೇಕಾಯಿತು. ಹೂಡಿಕೆಗೆ ಕರೆಯುವವರು ಊರಿನವರೇ, ಪರಿಚಯದವರೇ ಎನ್ನುವುದು ಭದ್ರತೆಯಲ್ಲ. ಅವರು ಯಾವ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿತರು ಎಂದು ಕೇಳಿ.

ಸೈಟು ಕೊಳ್ಳುವವರಿಗೆ ಒಂದು ದೊಡ್ಡ ಎಚ್ಚರಿಕೆ: ಅನಿವಾಸಿಗಳು ಮನೆ, ಫ್ಲ್ಯಾಟ್, ಅಂಗಡಿ ಕೊಳ್ಳಬಹುದು, ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಭೂ ಪರಿವರ್ತನೆಯಾಗದ ‘ರೆವಿನ್ಯೂ ಸೈಟು’ ದಾಖಲೆಯಲ್ಲಿ ಇನ್ನೂ ಕೃಷಿ ಜಮೀನೇ. ಪರಿವರ್ತನೆ ಆದೇಶ, ಇ–ಖಾತಾ, ಋಣಭಾರ ಪ್ರಮಾಣಪತ್ರ, ಬಡಾವಣೆಯಾದರೆ ರೇರಾ ನೋಂದಣಿ ಇವನ್ನು ನೋಡದೆ ಮುಂಗಡ ಕೊಡಬೇಡಿ.

‘ದುಬೈ ಚಿನ್ನ ಅಗ್ಗ’ ಎನ್ನುವ ಮಾತೂ ಹಿಂದಿನಷ್ಟು ನಿಜವಲ್ಲ. 2024ರ ಜುಲೈ ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕ ಶೇ 15ರಿಂದ 6ಕ್ಕೆ ಇಳಿದಾಗ ಎರಡೂ ಕಡೆಯ ಬೆಲೆಯ ಅಂತರ ಕುಗ್ಗಿತು. ಆಭರಣಕ್ಕೆ ಅಲ್ಲಿ ಶೇ 5 ವ್ಯಾಟ್, ಮೇಲೆ ಮೇಕಿಂಗ್ ಚಾರ್ಜ್ ಇದೆ. ಮದುವೆಗೆ ಬೇಕಿದ್ದರೆ ಕೊಳ್ಳಿ. ಹೂಡಿಕೆ ಎಂದಾದರೆ ಮೇಕಿಂಗ್ ಚಾರ್ಜ್ ಮರಳಿ ಬರುವುದಿಲ್ಲ ಎಂಬುದು ನೆನಪಿರಲಿ.

ಯಾವುದು ಮೊದಲು?

ದರ ಏರಿದ್ದರಿಂದ ತಿಂಗಳಿಗೆ ಎರಡೋ ಮೂರೋ ಸಾವಿರ ಹೆಚ್ಚು ಬರುತ್ತಿದ್ದರೆ ಮೊದಲು ಊರಿನ ಕೈಸಾಲ ತೀರಲಿ. ಆಮೇಲೆ ಆರು ತಿಂಗಳ ಮನೆ ಖರ್ಚು ಸುಲಭವಾಗಿ ತೆಗೆಯುವ ಖಾತೆಯಲ್ಲಿ ಸೇರಲಿ. ಕೊಲ್ಲಿಯ ಕೆಲಸ ಹೋದರೆ ಮನೆಯನ್ನು ನಡೆಸುವುದು ಅದೇ. ಮೂರನೆಯದು ವಿಮೆ. ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದ ಸಾವು, ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ಇದೆ. ಆದರೆ ಪಾಲಿಸಿಯ ಅವಧಿ ಎರಡು ಅಥವಾ ಮೂರು ವರ್ಷ. ಅದು ಮುಗಿದಿದ್ದರೆ ನವೀಕರಿಸಬೇಕು. ಅದರ ಪ್ರತಿ ಮನೆಯಲ್ಲಿರಬೇಕು. ಕಾಯಿಲೆಯ ಸಾವಿಗೆ ಆ ಮೊತ್ತ ಸಿಗದ ಕಾರಣ ಬೇರೆ ಟರ್ಮ್ ವಿಮೆ ಬೇಕು. ಸೈಟು, ಚಿನ್ನದ ಮಾತು ಇವೆಲ್ಲ ಆದ ಮೇಲೆ.

ಕೊಲ್ಲಿಯಲ್ಲಿ ದುಡಿಯುವ ಹೆಚ್ಚಿನವರಿಗೆ ಪಿಂಚಣಿ ಇಲ್ಲ. ಯುಎಇಯಲ್ಲಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನ, ಆಮೇಲೆ 30 ದಿನದ ಮೂಲ ವೇತನದ ಲೆಕ್ಕದಲ್ಲಿ ಗ್ರಾಚುಯಿಟಿ ಸಿಗುತ್ತದೆ, ಅಷ್ಟೇ. ಊರಿಗೆ ಮರಳಿದ ದಿನದಿಂದ ಎನ್‌ಆರ್‌ಇ ಖಾತೆಯ ತೆರಿಗೆ ವಿನಾಯಿತಿಯೂ ಮುಂದುವರಿಯುವುದಿಲ್ಲ. ಇಂದಿನ ದರ ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಅವರು ಮರಳುವ ದಿನ ಮಾತ್ರ ಬಂದೇ ಬರುತ್ತದೆ. ಮುಂದಿನ ಶುಕ್ರವಾರ ಫೋನ್ ಮಾಡುವಾಗ ದರದ ಜೊತೆಗೆ ಸಾಲ ಎಷ್ಟು ಬಾಕಿ, ನಾಮಿನಿ ಯಾರು, ಪಾಲಿಸಿ ಎಂದು ಮುಗಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳಿಕೊಳ್ಳಿ.