ಏಟು ಏನನ್ನು ಕಲಿಸುತ್ತದೆ?

ತೋಟದಿಂದ ದಣಿದು ಪಾಲಮಲೆಯ ನಮ್ಮ ಮನೆಗಳಿಗೆ ಬಂದಾಗ ಒಡೆದ ಮಡಕೆ ಕಂಡರೆ ಕೈ ತಾನಾಗಿ ಮೇಲೇಳುತ್ತದೆ. ಆ ಏಟಿನಿಂದ ಮಗು ಕಲಿಯುವುದು ಜೋಪಾನವನ್ನಲ್ಲ, ಚೂರುಗಳನ್ನು ಬಚ್ಚಿಡುವುದನ್ನು.

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1938ರ ತಮ್ಮ ಗ್ರಂಥದಲ್ಲಿ ಇಲಿಗಳ ಪ್ರಯೋಗವನ್ನು ವಿವರಿಸಿದರು. ಸನ್ನೆ ಒತ್ತಿದಾಗ ಆಹಾರ ಸಿಕ್ಕಿದ್ದರಿಂದ ಇಲಿ ಒತ್ತುವುದನ್ನು ಕಲಿಯಿತು. ಅನಂತರ ಆಹಾರ ನಿಲ್ಲಿಸಿ, ಒತ್ತಿದ ಕಾಲಿಗೆ ಪೆಟ್ಟು ಕೊಟ್ಟಾಗ ಕೊಂಚ ಹೊತ್ತು ಹಿಂಜರಿಯಿತು. ಪೆಟ್ಟು ನಿಂತ ಮೇಲೆ ಪುನಃ ಒತ್ತತೊಡಗಿತು. ಶಿಕ್ಷೆ ತಡೆಯಿತು, ಮರೆಸಲಿಲ್ಲ.

ತಪ್ಪಿಗೆಂದು ಕೂಲಿ ಮುರಿದರೆ ನಮಗೆ ನೋವಾಗುತ್ತದೆ. ಅಂಥ ದಂಡಕ್ಕೆ 1936ರ ವೇತನ ಪಾವತಿ ಕಾಯಿದೆ ಮಿತಿ ಹಾಕಿತು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ನಮ್ಮ ಮನೆಯೊಳಗೆ ಮಾತ್ರ ಕೋಲಿಗೆ ಮಿತಿಯಿಲ್ಲವೇ?

ಮಗು ತಾನಾಗಿ ತಪ್ಪೊಪ್ಪಿಕೊಂಡಾಗ ಹೊಡೆದರೆ, ಸತ್ಯ ನುಡಿದದ್ದಕ್ಕೇ ಶಿಕ್ಷೆ ಕೊಟ್ಟಂತಾಯಿತು. ಆ ಮಡಕೆಯ ಚೂರುಗಳನ್ನು ಅದರೊಡನೆ ಕೂಡಿ ಆರಿಸೋಣ. ಒಳ್ಳೆಯದನ್ನು ಮಾಡಿದ ಕೂಡಲೇ ಮೆಚ್ಚಿ ಒಂದು ಮಾತಾಡೋಣ; ಅದಕ್ಕೆ ಕಾಸು ಬೇಡ. ಮಕ್ಕಳ ಮನಸ್ಸು ಕುಂದಿಸಬಾರದೆಂದು ಪೌಲನು ಕೊಲೊಸ್ಸೆಯ ಸಭೆಗೆ ಬರೆದದ್ದು ನಮಗೂ ಸಲ್ಲುತ್ತದೆ.