ಕವರ್ ತೇಲಿಸಿದ ಮಾತ್ರಕ್ಕೆ ಮೀನು ಬದುಕಲ್ಲ

ರೀಲ್ಸ್ ನೋಡುವವರಿಗೆಲ್ಲ ಈ ದೃಶ್ಯ ಗೊತ್ತು. ನೀಲಿ ಲೈಟು ಹಾಕಿದ ಗಾಜಿನ ತೊಟ್ಟಿ, ಒಳಗೆ ಉಪ್ಪುನೀರು, ಬಂಡೆ, ಹವಳ. ಕವರ್‌ನಲ್ಲಿ ತಂದ ಮೀನನ್ನು 15 ನಿಮಿಷ ನೀರಿನ ಮೇಲೆ ತೇಲಿಸುತ್ತಾರೆ. ಕವರ್ ಕತ್ತರಿಸಿ ನೀರಿನ ಸಮೇತ ಸುರಿಯುತ್ತಾರೆ. ವಿಡಿಯೊ ಮುಗಿಯಿತು. ಹತ್ತು ದಿನ ಬಿಟ್ಟು ಆ ತೊಟ್ಟಿಯ ಕತೆ ಏನಾಯಿತು ಅಂತ ಯಾರೂ ತೋರಿಸಲ್ಲ.

ನಮ್ಮ ತಕರಾರು ಇಷ್ಟೇ: ಇದು ಮೀನು ಬಿಡುವ ಕ್ರಮವಲ್ಲ, ರೋಗ ಬಿಡುವ ಕ್ರಮ.

ಇದನ್ನು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂತೆಯಿಂದ ತಂದ ಕೋಳಿಯನ್ನು ಅವತ್ತೇ ಗೂಡಿಗೆ ಬಿಟ್ಟರೆ ಏನಾಗುತ್ತದೆ ಅಂತ ಕೋಳಿ ಸಾಕಿದವರಿಗೆ ಗೊತ್ತು. ಹೊಸ ಹಸುವನ್ನು ನಾಲ್ಕು ದಿನ ಬೇರೆ ಕಟ್ಟಿ, ಮೇವು ತಿನ್ನುತ್ತದಾ, ಬಾಯಲ್ಲಿ ಹುಣ್ಣು ಇದೆಯಾ ನೋಡುವ ನಮ್ಮ ಜನ, ಸಾವಿರಾರು ರೂಪಾಯಿಯ ಮೀನಿಗೆ ಬಂದಾಗ ಮಾತ್ರ ಅಂಗಡಿಯವನ ಮಾತನ್ನು ಯಾಕೆ ನಂಬಬೇಕು?

ಉಪ್ಪುನೀರಿನ ಮೀನಿಗೆ ಬಿಳಿಚುಕ್ಕೆ ರೋಗ ಬರುತ್ತದೆ. ಕಾರಣ ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿ. ಅದು ಕೆಲವು ದಿನ ಮೀನಿನ ಚರ್ಮ, ಕಿವಿರುಗಳಲ್ಲಿ ಕೂತು ತಿನ್ನುತ್ತದೆ. ಆಮೇಲೆ ಉದುರಿ ಮರಳಿಗೆ, ಬಂಡೆಗೆ ಅಂಟಿ ಗಂಟು ಕಟ್ಟಿಕೊಳ್ಳುತ್ತದೆ. ಚುಕ್ಕೆ ಹೋಯಿತು ಅಂತ ಮಾಲೀಕ ಖುಷಿಪಡುತ್ತಾನೆ. ಒಳಗೆ ಒಂದೊಂದು ಗಂಟೂ ನೂರಾರು ಮರಿಗಳಾಗಿ ಒಡೆದು ಹೊರಬರುತ್ತದೆ. ಎರಡನೇ ಸಲ ಚುಕ್ಕೆ ಕಂಡಾಗ ಹೊಸ ಮೀನಿನ ಜೊತೆ ಹಳೇ ಮೀನುಗಳಿಗೂ ಹತ್ತಿರುತ್ತದೆ.

ಔಷಧಿ ಇಲ್ಲವಾ? ಇದೆ, ತಾಮ್ರದ ಔಷಧಿ. ಆದರೆ ತಾಮ್ರ ಹವಳವನ್ನೂ ಸಿಗಡಿಯನ್ನೂ ಕೊಲ್ಲುತ್ತದೆ. ಹಾಗಾಗಿ ಹವಳ ಇರುವ ತೊಟ್ಟಿಗೆ ಅದನ್ನು ಹಾಕುವಂತಿಲ್ಲ. ಎಲ್ಲ ಮೀನನ್ನೂ ಹೊರಗೆ ಹಿಡಿದು ಬೇರೆ ಕಡೆ ಚಿಕಿತ್ಸೆ ಕೊಡಬೇಕು. ದೊಡ್ಡ ತೊಟ್ಟಿಯಲ್ಲಿ ಸುಮಾರು ಎರಡೂವರೆ ತಿಂಗಳು ಒಂದು ಮೀನೂ ಇರಬಾರದು. ಒಂದು ತಿಂಗಳು ಕಾಯಲು ಆಗದವನು ಎರಡೂವರೆ ತಿಂಗಳು ಖಾಲಿ ನೀರು ನೋಡುತ್ತಾ ಕೂರಬೇಕು.

ಬೆಳ್ಳುಳ್ಳಿ ರಸ ಹಾಕಿದರೆ ಸಾಕು ಅನ್ನುವವರಿದ್ದಾರೆ. ಬೆಳ್ಳುಳ್ಳಿಯಿಂದ ಈ ರೋಗ ಹೋಗಲ್ಲ. ನಮ್ಮ ಅಂಗಡಿಯಲ್ಲಿ ವಾರ ಇಟ್ಟಿದ್ದೇವೆ ಅನ್ನುವವರೂ ಇದ್ದಾರೆ. ಅನೇಕ ಅಂಗಡಿಗಳಲ್ಲಿ ಎಲ್ಲ ತೊಟ್ಟಿಗಳಿಗೂ ಒಂದೇ ಫಿಲ್ಟರಿನ ನೀರು ಸುತ್ತುತ್ತದೆ. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ.

ಖರ್ಚು ಜಾಸ್ತಿ ಅನ್ನುವ ಮಾತನ್ನಂತೂ ನಾವು ಒಪ್ಪಲ್ಲ. ಪ್ರತ್ಯೇಕ ತೊಟ್ಟಿ ಅಂದರೆ ಅರಮನೆ ಅಲ್ಲ. ಒಂದು ಪ್ಲಾಸ್ಟಿಕ್ ಟಬ್, ಮೊದಲೇ ಓಡಿಸಿ ಪಳಗಿಸಿದ ಸ್ಪಾಂಜ್ ಫಿಲ್ಟರ್, ಹೀಟರ್, ಅಡಗಲು ಪೈಪಿನ ತುಂಡು, ಹಾರಿ ಹೋಗದಂತೆ ಮೇಲೊಂದು ಬಲೆ. ಮರಳು ಬೇಡ, ಬಂಡೆ ಬೇಡ. ಅದರ ಬಲೆ, ಬಕೆಟ್ಟನ್ನು ದೊಡ್ಡ ತೊಟ್ಟಿಗೆ ತಾಗಿಸಬಾರದು. ನಾಲ್ಕರಿಂದ ಆರು ವಾರ ಅಲ್ಲಿಟ್ಟು ನೋಡಿ.

ಕವರಿನಲ್ಲೂ ಒಂದು ಮೋಸ ಇದೆ. ದೂರದಿಂದ ಬಂದ ಕವರಿನಲ್ಲಿ ಮೀನಿನ ಉಸಿರು, ಹೊಲಸು ಎರಡೂ ತುಂಬಿರುತ್ತವೆ. ಮುಚ್ಚಿರುವಷ್ಟು ಹೊತ್ತು ಅಮೋನಿಯದ ವಿಷ ಕಡಿಮೆ. ಬಾಯಿ ಬಿಚ್ಚಿದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ ವಿಷ ಏರುತ್ತದೆ. ಆದ್ದರಿಂದ ಬಿಚ್ಚಿದ ಕವರಿನಲ್ಲಿ ಗಂಟೆಗಟ್ಟಲೆ ಇಡಬೇಡಿ. ಅಂಗಡಿಯ ನೀರಿನ ಉಪ್ಪಿನಂಶ ಮೊದಲೇ ಕೇಳಿ, ಟಬ್ಬಿನ ನೀರನ್ನು ಅದಕ್ಕೆ ಸರಿಮಾಡಿಕೊಳ್ಳಿ. ಕವರನ್ನು ಮುಚ್ಚಿದಂತೆಯೇ ಟಬ್ಬಿನಲ್ಲಿ ತೇಲಿಸಿ ಬಿಸಿ ಹೊಂದಿಸಿ, ಆಮೇಲೆ ಮೀನನ್ನಷ್ಟೇ ಟಬ್ಬಿಗೆ ಬಿಡಿ. ಕವರಿನ ನೀರು ಮೋರಿಗೆ.

ದೊಡ್ಡ ತೊಟ್ಟಿಗೆ ಬಿಡುವಾಗ ಲೈಟು ಆರಿಸಿ. ಡ್ಯಾಮ್ಸೆಲ್‌ನಂಥ ಜಗಳಗಂಟ ಮೀನು ಕೊನೆಗೆ ಬರಲಿ. ಮೊದಲೇ ಬಂದರೆ ಜಾಗವೆಲ್ಲ ತನ್ನದೇ ಅನ್ನುತ್ತದೆ.

ಶ್ರೀಮಂತರ ಹವ್ಯಾಸಕ್ಕೆ ನಮಗೇಕೆ ಚಿಂತೆ ಅಂತ ಕೇಳಬಹುದು. ಕ್ಲೌನ್ ಮೀನಿನ ಮರಿ ಮಾಡುವ ವಿಧಾನವನ್ನು ನಮ್ಮ ದೇಶದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಆದರೆ ಉಪ್ಪುನೀರಿನ ಬಣ್ಣದ ಮೀನುಗಳಲ್ಲಿ ಹೆಚ್ಚಿನ ಜಾತಿಗಳು ಇಂದಿಗೂ ಕಡಲ ಹವಳದಿಂದಲೇ ಹಿಡಿದು ತಂದವು. ತೊಟ್ಟಿಯಲ್ಲಿ ಒಂದು ಸತ್ತರೆ ಕಡಲಿನಿಂದ ಇನ್ನೊಂದು ಬರಬೇಕು. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲೂ ಹವಳ ಇದೆ. ಸಮುದ್ರದ ಹವಳ ಕೀಳುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹವಳಕ್ಕೆ ಕಾನೂನಿನ ಕಾವಲು ಇದೆ. ಅದರ ನಡುವೆ ಬದುಕುವ ಸಾಮಾನ್ಯ ಮೀನಿಗೆ, ಹಿಡಿದ ಮೇಲೆ, ಕೊಂಡವನ ತಾಳ್ಮೆಯೊಂದೇ ಕಾವಲು.

ಹಾಗಾಗಿ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ಈ ಮೀನು ಯಾವತ್ತು ಬಂತು? ಯಾವ ಔಷಧಿ ಕೊಟ್ಟಿದ್ದೀರಿ? ನನ್ನ ಮುಂದೆ ತಿನ್ನುತ್ತದಾ? ಉತ್ತರ ಇಲ್ಲದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಎರಡನೇ ತೊಟ್ಟಿಗೆ ಮನೆಯಲ್ಲಿ ಜಾಗ ಇಲ್ಲ ಅಂದರೆ ಹೊಸ ಮೀನಿಗೂ ಜಾಗ ಇಲ್ಲ ಅಂತಲೇ ಅರ್ಥ.